ಅರ್ಮೇನಿಯಾ ರಷ್ಯಾವನ್ನು ಕೈಬಿಟ್ಟಿದ್ದೇಕೆ?

ಕಾಕಸಸ್ ಪರ್ವತಗಳ ದಕ್ಷಿಣಕ್ಕಿರುವ, ಸುಮಾರು ಮೂವತ್ತು ಲಕ್ಷ ಜನರ ಅರ್ಮೇನಿಯಾದ ಬಗ್ಗೆ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: 2018ರ ಕ್ರಾಂತಿಯನ್ನು ಪಾಶ್ಚಾತ್ಯರು ಮಾಡಿಸಿದರು, ಅದಕ್ಕೇ ತಾನೇ ಆ ದೇಶ ಈಗ ರಷ್ಯಾಕ್ಕೆ ಬೆನ್ನು ತೋರಿಸುತ್ತಿರುವುದು? ಅಲ್ಲಿನ ರಾಜಧಾನಿ ಯೆರವಾನ್‌ಗೆ ಮಕ್ಕಳನ್ನು ವೈದ್ಯಕೀಯ ಓದಲು ಕಳಿಸಿರುವ ಪೋಷಕರೂ ಕೇಳುತ್ತಾರೆ, ರಾತ್ರಿಯ ಟಿವಿ ಚರ್ಚೆಯನ್ನು ತಪ್ಪದೆ ನೋಡುವವರೂ ಕೇಳುತ್ತಾರೆ. ಅಲ್ಲ ಎಂಬುದೇ ನನ್ನ ಉತ್ತರ. ಕ್ರಾಂತಿ ನಡೆದದ್ದು ಒಳಮನೆಯ ಕಾರಣಕ್ಕೆ. ವಿದೇಶಾಂಗ ನೀತಿ ತಿರುಗಿದ್ದು ವರ್ಷಗಳ ನಂತರ, ಅದೂ ಬಹುಮಟ್ಟಿಗೆ ರಷ್ಯಾದ ನಡತೆಯಿಂದ.

ಹತ್ತು ವರ್ಷ ಅಧ್ಯಕ್ಷರಾಗಿದ್ದ ಸೆರ್ಜ್ ಸರ್ಗ್ಸ್ಯಾನ್ ಸಂವಿಧಾನವನ್ನು ಬದಲಿಸಿ ಅಧಿಕಾರವನ್ನೆಲ್ಲ ಪ್ರಧಾನಿ ಹುದ್ದೆಗೆ ಸಾಗಿಸಿದರು. ಆಮೇಲೆ ತಾವೇ ಆ ಕುರ್ಚಿ ಏರಿದರು. ಜನ ರೊಚ್ಚಿಗೆದ್ದರು. ಪತ್ರಕರ್ತರಾಗಿದ್ದ ನಿಕೋಲ್ ಪಶಿನ್ಯಾನ್ ಗ್ಯುಮ್ರಿ ನಗರದಿಂದ ರಾಜಧಾನಿಯವರೆಗೆ ಪಾದಯಾತ್ರೆ ಮಾಡಿದರು. ಏಪ್ರಿಲ್ 17ರಂದು ಪ್ರಧಾನಿಯಾದ ಸರ್ಗ್ಸ್ಯಾನ್ 23ಕ್ಕೆ ರಾಜೀನಾಮೆ ಕೊಟ್ಟರು. ಮುಂದಿನ ತಿಂಗಳು ಪಶಿನ್ಯಾನ್ ಪ್ರಧಾನಿಯಾದರು. ಬೀದಿಗಿಳಿದವರ ಸಿಟ್ಟು ಭ್ರಷ್ಟಾಚಾರದ ಮೇಲಿತ್ತು, ಮಾಸ್ಕೋದ ಮೇಲಲ್ಲ. ರಷ್ಯಾದೊಂದಿಗಿನ ಮೈತ್ರಿ ಹಾಗೆಯೇ ಇರುತ್ತದೆ ಎಂದು ಪಶಿನ್ಯಾನ್ ಆಗಲೇ ಸಾರಿದ್ದರು.

ಅಜರ್ಬೈಜಾನ್‌ನೊಳಗಿದ್ದರೂ ಅರ್ಮೇನಿಯನ್ನರೇ ಹೆಚ್ಚಾಗಿದ್ದ ಕರಾಬಾಖ್ ಪ್ರದೇಶಕ್ಕಾಗಿ 2020ರಲ್ಲಿ ನಡೆದ ನಲವತ್ತನಾಲ್ಕು ದಿನಗಳ ಯುದ್ಧದಲ್ಲಿ ಅಜರ್ಬೈಜಾನ್ ಗೆದ್ದಿತು. ನಿಜವಾದ ಬಿರುಕು ಕಂಡದ್ದು 2022ರಲ್ಲಿ. ಆ ವರ್ಷದ ಜನವರಿಯಲ್ಲಿ ಕಜಕಸ್ತಾನದಲ್ಲಿ ದಂಗೆಯೆದ್ದಾಗ ರಷ್ಯಾ ನೇತೃತ್ವದ ಸೇನಾ ಕೂಟವಾದ ಸಿಎಸ್‌ಟಿಒ ಕೆಲವೇ ದಿನಗಳಲ್ಲಿ ಪಡೆ ಕಳಿಸಿತು. ಕೂಟದ ಸರದಿ ಅಧ್ಯಕ್ಷತೆ ಆಗ ಅರ್ಮೇನಿಯಾದ ಬಳಿ ಇದ್ದುದರಿಂದ ಅದನ್ನು ಪ್ರಕಟಿಸಿದವರು ಸ್ವತಃ ಪಶಿನ್ಯಾನ್. ಸೆಪ್ಟೆಂಬರ್‌ನಲ್ಲಿ ಅಜರ್ಬೈಜಾನ್ ನೇರವಾಗಿ ಅರ್ಮೇನಿಯಾದ ನೆಲದ ಮೇಲೆಯೇ ದಾಳಿ ಮಾಡಿದಾಗ ಅದೇ ಕೂಟ ಕಳಿಸಿದ್ದು ಪರಿಸ್ಥಿತಿಯನ್ನು ನೋಡಿ ಬರುವ ಒಂದು ತಂಡವನ್ನು. ನವೆಂಬರ್‌ನ ಯೆರವಾನ್ ಶೃಂಗಸಭೆಯಲ್ಲಿ ಆತಿಥೇಯರಾಗಿದ್ದ ಪಶಿನ್ಯಾನ್, ಪುಟಿನ್ ಎದುರಿನಲ್ಲೇ ಘೋಷಣೆಗೆ ಸಹಿ ಹಾಕಲು ಒಲ್ಲೆ ಎಂದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಜರ್ಬೈಜಾನ್ ದಾಳಿಯಿಂದಾಗಿ ಕರಾಬಾಖ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆಮಠ ಬಿಟ್ಟು ಹೊರಟಾಗ ರಷ್ಯಾದ ಶಾಂತಿಪಾಲನಾ ಪಡೆ ಅಲ್ಲೇ ಇತ್ತು. ಇಷ್ಟಾದ ಮೇಲೂ ಹಳೆಯ ದೋಸ್ತಿಗೇ ಅಂಟಿಕೊಂಡಿದ್ದರೆ ಅದೇ ವಿಚಿತ್ರವಾಗುತ್ತಿತ್ತು.

ಮುಂದಿನದು ಬೇಗ ಬೇಗ ನಡೆಯಿತು. 2024ರಲ್ಲಿ ಸಿಎಸ್‌ಟಿಒ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟರು. ಐರೋಪ್ಯ ಒಕ್ಕೂಟ ಸೇರುವ ಪ್ರಕ್ರಿಯೆ ಆರಂಭಿಸಲು 2025ರಲ್ಲಿ ಕಾನೂನೇ ಮಾಡಿದರು. ಆಯುಧಗಳಿಗೆ ಫ್ರಾನ್ಸ್ ಮತ್ತು ಭಾರತದತ್ತ ಹೊರಳಿದರು. ನಮ್ಮ ಬೆಂಗಳೂರಿನ ಬಿಇಎಲ್ ತಯಾರಿಸುವ ‘ಸ್ವಾತಿ’ ರೇಡಾರ್‌ಗಳು ಅಲ್ಲಿಗೆ ಹೋಗಿವೆ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಜ್ವಾರ್ಟ್‌ನೋಟ್ಸ್ ವಿಮಾನ ನಿಲ್ದಾಣದ ಸುದ್ದಿ. ಒಂದು ಸ್ವತಂತ್ರ ದೇಶ, ಅದರ ರಾಜಧಾನಿಯ ವಿಮಾನ ನಿಲ್ದಾಣ. ಅಲ್ಲಿನ ಗಡಿ ತಪಾಸಣೆಯಲ್ಲಿ ಸೋವಿಯತ್ ಒಕ್ಕೂಟ ಒಡೆದ ಕಾಲದಿಂದಲೂ ರಷ್ಯಾದ ಗಡಿರಕ್ಷಕರ ಪಾಲಿತ್ತು! ಅವರು ಅಲ್ಲಿಂದ ಗಂಟುಮೂಟೆ ಕಟ್ಟಿದ್ದು 2024ರ ಜುಲೈ ಕೊನೆಗೆ.

ಹಾಗೆಂದು ಸಂಬಂಧ ಮುರಿದುಬಿತ್ತು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಗ್ಯುಮ್ರಿಯಲ್ಲಿ ರಷ್ಯಾದ ಸೇನಾ ನೆಲೆಗೆ 2044ರವರೆಗೆ ಒಪ್ಪಂದವಿದೆ. ಅಡುಗೆಮನೆಗೆ ಬರುವ ಅನಿಲದ ಬಹುಪಾಲು ರಷ್ಯಾದ್ದು, ಅದನ್ನು ಹಂಚುವ ಕೊಳವೆ ಜಾಲ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರಾಮ್‌ನದು. ರೈಲುಗಳನ್ನು ಓಡಿಸುವ ಹಕ್ಕನ್ನು 2008ರಲ್ಲಿ ರಷ್ಯಾದ ರೈಲ್ವೆಗೆ ಕೊಟ್ಟಿದ್ದಾರೆ. ರಷ್ಯಾ ನೇತೃತ್ವದ ಯುರೇಷ್ಯನ್ ಆರ್ಥಿಕ ಒಕ್ಕೂಟಕ್ಕೆ ಸೇರಿದ್ದು 2015ರಲ್ಲಿ. ಆ ಒಕ್ಕೂಟದಲ್ಲಿದ್ದುಕೊಂಡೇ ಐರೋಪ್ಯ ಒಕ್ಕೂಟದ ಸದಸ್ಯರಾಗಲು ಬರುವುದಿಲ್ಲ ಎಂಬುದು ಯೆರವಾನ್‌ಗೂ ಗೊತ್ತಿದೆ. ಬಾಯಲ್ಲಿ ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಇದ್ದರೂ ಸರಕು ತುಂಬಿದ ಲಾರಿಗಳು ಜಾರ್ಜಿಯಾದ ಬೆಟ್ಟದ ದಾರಿ ಹಿಡಿದು ರಷ್ಯಾಕ್ಕೇ ಹೋಗುತ್ತವೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2024ರವರೆಗೂ ಆ ವ್ಯಾಪಾರ ಏರಿತೇ ಹೊರತು ಇಳಿಯಲಿಲ್ಲ.

ಇದನ್ನು ಇಬ್ಬಂದಿತನ ಎಂದು ಹಂಗಿಸುವವರು ಒಮ್ಮೆ ನಕ್ಷೆ ತೆರೆದು ನೋಡಲಿ. ಸಮುದ್ರವಿಲ್ಲ. ಪೂರ್ವದಲ್ಲಿ ಅಜರ್ಬೈಜಾನ್, ಪಶ್ಚಿಮದಲ್ಲಿ 1993ರಲ್ಲೇ ಗಡಿ ಮುಚ್ಚಿದ ಟರ್ಕಿ. ದಶಕಗಳ ಕಾಲ ಸರಕಿಗೆ ಉಳಿದದ್ದು ಜಾರ್ಜಿಯಾ ಮತ್ತು ಇರಾನ್ ಎರಡೇ ಬಾಗಿಲು. 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಪಶಿನ್ಯಾನ್ ಮತ್ತು ಅಜರ್ಬೈಜಾನ್ ಅಧ್ಯಕ್ಷ ಅಲಿಯೆವ್ ಶಾಂತಿಯ ದಾರಿಗೆ ಬಂದದ್ದರ ಹಿಂದೆಯೂ ರಸ್ತೆ-ರೈಲಿನ ಲೆಕ್ಕಾಚಾರವಿದೆ. ಹೀಗಾಗಿ ಬ್ರಸೆಲ್ಸ್‌ನ ಭಾಷಣಗಳಿಗಿಂತ ಟರ್ಕಿ ಗಡಿಯ ಸುದ್ದಿಯನ್ನು ನಾನು ಹೆಚ್ಚು ಗಮನವಿಟ್ಟು ಓದುತ್ತೇನೆ.