ಹೆರ್ನಾಂಡೆಜ್‌ನ ಶಿಲುಬೆಗಳ ಮೇಲಿನ ಬೆಳಕು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಕಳೆದ ಐದು ದಿನಗಳಲ್ಲಿ ನಾನು ಬರೆದಿಡಬೇಕೆನ್ನಿಸಿದ್ದು ಒಂದು ಸಂಜೆಯನ್ನು ಮಾತ್ರ. ಸಾಂಟಾ ಫೆಯಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಹೆರ್ನಾಂಡೆಜ್ ಎಂಬ ಪುಟ್ಟ ಊರಿಗೆ, ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ‘ಮೂನ್‌ರೈಸ್’ (ಚಂದ್ರೋದಯ) ಎಂಬ ಪ್ರಸಿದ್ಧ ಕಪ್ಪು-ಬಿಳುಪು ಛಾಯಾಚಿತ್ರ ತೆಗೆದ ಜಾಗವನ್ನು ನೋಡಲೆಂದೇ, ಶಿವಮೊಗ್ಗದಲ್ಲಿ ಬಹುಕಾಲ ಫೋಟೊ ಸ್ಟುಡಿಯೊ ನಡೆಸಿದ ನನ್ನ ಸೋದರಮಾವನೊಡನೆ ಹೋಗಿದ್ದೆ.

ಮುಂಗಡ ಕಾಯ್ದಿರಿಸಿದ್ದರೂ ಬಾಡಿಗೆ ಕಾರಿನವರು ಎರಡು ಗಂಟೆ ಕಾಯಿಸಿದ್ದರಿಂದ ಮೊದಲ ದಿನ ನಾವು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಹೋಗುವವರು ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಲಾರಿಗಳು ಧಾವಿಸುವ ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಲೇಬಾರದು.

ಮರುದಿನ ಸಂಜೆ ನೋಡಿದಾಗ ಮರಗಳೂ ಮನೆಗಳೂ ಚಿತ್ರದ ನೋಟವನ್ನು ಅರ್ಧ ಮರೆಮಾಡಿದ್ದವು. ಇಗರ್ಜಿ, ಅದರ ಸ್ಮಶಾನ, ಪೂರ್ವಕ್ಕೆ ಸಾಂಗ್ರೆ ದೆ ಕ್ರಿಸ್ತೊ ಪರ್ವತಸಾಲು ಮಾತ್ರ ಇದ್ದಲ್ಲೇ ಇದ್ದವು. ನನ್ನನ್ನು ತಡೆದು ನಿಲ್ಲಿಸಿದ್ದು ಆಕಾಶ. ಚಿತ್ರದಲ್ಲಿ ಕಾಡಿಗೆಗಪ್ಪಾಗಿರುವ ಅದು ಇಲ್ಲಿ ತೆಳುನೀಲಿಯಾಗಿತ್ತು.

“ಮಾವ, ಆ ಕಪ್ಪು ಈ ಊರಿನದಲ್ಲ, ಅಲ್ಲವೇ?” ಎಂದೆ.

“ಅಲ್ಲಮ್ಮ, ಅದು ಪ್ರಿಂಟ್ ಹಾಕುವ ಕತ್ತಲೆಕೋಣೆಯದು, ಡಾರ್ಕ್‌ರೂಮಿನದು” ಎಂದು ಮಾವ ವಿವರಿಸತೊಡಗಿದರು. ಚಿತ್ರ ತೆಗೆದ ದಿನಾಂಕವನ್ನು ಆಡಮ್ಸ್ ಬರೆದಿಡಲಿಲ್ಲವಾದ್ದರಿಂದ, ಅದು 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷವೆಂದು ಖಗೋಳತಜ್ಞರೊಬ್ಬರು ಚಿತ್ರದಲ್ಲಿರುವ ಚಂದ್ರನ ಸ್ಥಾನದಿಂದ 1991ರಲ್ಲಿ ಲೆಕ್ಕ ಹಾಕಿದರು. ಅಂದು ಆತುರದಲ್ಲಿ ಬೆಳಕನ್ನು ಅಳೆಯುವ ಲೈಟ್ ಮೀಟರ್ ಸಿಗದೆ, ಚಂದ್ರನ ಹೊಳಪು ತಿಳಿದಿದ್ದ ಆಡಮ್ಸ್ ಅದನ್ನೇ ಆಧಾರವಾಗಿಟ್ಟುಕೊಂಡು 8×10 ಇಂಚಿನ ಫಿಲ್ಮಿನ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/32ಕ್ಕೆ ಕಿರಿದಾಗಿಸಿ ಒಂದು ಸೆಕೆಂಡು ಎಕ್ಸ್‌ಪೋಷರ್ ಕೊಟ್ಟರು. ಇನ್ನೊಂದು ತೆಗೆಯಲು ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ನೆಗೆಟಿವ್‌ನಲ್ಲಿ ಊರಿನ ಭಾಗ ಬಹಳ ತೆಳುವಾಗಿದ್ದುದರಿಂದ 1948ರಲ್ಲಿ ಅದನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಮೊದಲ ಪ್ರಿಂಟ್‌ಗಳ ಆಕಾಶದಲ್ಲಿ ಮಸುಕಾದ ಮೋಡಗಳಿದ್ದವು. ವರ್ಷಗಳು ಕಳೆದಂತೆ ಆಡಮ್ಸ್ ಆಕಾಶವನ್ನು ‘ಬರ್ನ್’ ಮಾಡುತ್ತ, ಅಂದರೆ ಪ್ರಿಂಟ್ ಹಾಕುವಾಗ ಆ ಭಾಗಕ್ಕೆ ಹೆಚ್ಚು ಬೆಳಕು ಕೊಡುತ್ತ, ಕಪ್ಪಾಗಿಸುತ್ತಲೇ ಹೋದರು.

“ಹಾಗಾದರೆ ಇದು ಈ ಜಾಗದ ಚಿತ್ರ ಹೇಗಾಯಿತು?” ಎಂದು ನಾನು ಬಿಡಲಿಲ್ಲ.

“ಕತ್ತಲನ್ನು ನಾನೂ ಕಾಗದದ ಮೇಲೆ ತರಬಲ್ಲೆ. ಆದರೆ ಆ ಶಿಲುಬೆಗಳ ಮೇಲೆ ಬಿಸಿಲು ಬೀಳದಿದ್ದರೆ, ಯಾವ ಡಾರ್ಕ್‌ರೂಮಿನಲ್ಲೂ ಅದನ್ನು ತರಲಾಗದು. ಅದನ್ನು ಈ ಊರೇ ಕೊಡಬೇಕು” ಎಂದರು ಮಾವ.

ಅಷ್ಟರಲ್ಲಿ ಬಿಸಿಲು ಸ್ಮಶಾನಕ್ಕೆ ಅಡ್ಡಲಾಗಿ ಬಿದ್ದು ಬಿಳಿ ಶಿಲುಬೆಗಳು ಹೊಳೆದವು, ಒಂದು ನಿಮಿಷ ತುಂಬುವ ಮೊದಲೇ ಒಂದೊಂದಾಗಿ ಮಂಕಾದವು. ಚಂದ್ರ ಇರಲಿಲ್ಲ. ಹಿಂತಿರುಗುವಾಗಲೂ ವಾದ ಮುಗಿಯಲಿಲ್ಲ: ಮಾವನಿಗೆ ಕೊನೆಗಾಲದ ಕಡುಕಪ್ಪು ಪ್ರಿಂಟ್‌ಗಳೇ ಶ್ರೇಷ್ಠ, ನನಗೆ ಮೋಡಗಳಿರುವ ಮೊದಲಿನವೇ ಇಷ್ಟ.