ಖಾಲಿ ಸೇರು

ಕಳೆದ ಭಾನುವಾರ ಅರಸೀಕೆರೆ ಬಳಿಯ ನಮ್ಮ ಊರಿನ ಮನೆಯನ್ನು ಖಾಲಿ ಮಾಡುವ ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು. ಗುಜರಿಯವನ ಗೂಡ್ಸ್ ಆಟೊ ಬಾಗಿಲಲ್ಲಿ ನಿಂತಿತ್ತು. ತಮ್ಮ ಅಟ್ಟದಿಂದ ಇಳಿಸಿಕೊಟ್ಟ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ನಾನು ಒಂದೊಂದಾಗಿ ಜಗಲಿಯ ಮೇಲಿದ್ದ ತೂಕದ ಯಂತ್ರಕ್ಕೆ ಇಡುತ್ತಿದ್ದೆ. ಸೇರಿನ ಸರದಿ ಬಂದಾಗ, ಒಳಗಿನಿಂದ ಬಂದ ಅಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು: "ಖಾಲಿ ಕೊಡ್ತಿದ್ದೀಯೇನೋ?"

ಕೊಡಬೇಡ ಎಂದಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಇದನ್ನೆಲ್ಲ ಎಲ್ಲಿಡುವುದು ಎಂದು ಆ ವಾರದಲ್ಲಿ ಹತ್ತಾರು ಬಾರಿ ಹೇಳಿ ಬಾಯಿಪಾಠವಾಗಿತ್ತು. ಅವಳು ಕೇಳಿದ ಈ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

1966ರಲ್ಲಿ ಮದುವೆಯಾಗಿ ಬಂದ ದಿನ, ಅದೇ ಹೊಸ್ತಿಲ ಮೇಲೆ ಅಕ್ಕಿ ತುಂಬಿಟ್ಟಿದ್ದ ಈ ಸೇರನ್ನೇ ಬಲಗಾಲಿನಿಂದ ಒದ್ದು ಅಮ್ಮ ಒಳಗೆ ಬಂದದ್ದು. ಅಂಚಿನಲ್ಲಿ ಹೆಬ್ಬೆರಳಿನಗಲದ ಒಂದು ತಗ್ಗಿದೆ. ಅದು ಅಂದು ಉರುಳಿ ಕಂಬಕ್ಕೆ ಬಡಿದಾಗ ಆದದ್ದೆಂದು ಅಜ್ಜಿ ಹೇಳುತ್ತಿದ್ದಳು. ತೂಕ ಮತ್ತು ಅಳತೆಗಳ ಕಾಯ್ದೆ 1956ರಲ್ಲೇ ಬಂದಿತ್ತು, ಅಮ್ಮ ಬರುವ ಹೊತ್ತಿಗೆ ಪೇಟೆಯ ಅಂಗಡಿಗಳಲ್ಲಿ ಕಿಲೋ ಬಂದಾಗಿತ್ತು. ನಮ್ಮ ಕಣಜದ ಬಳಿ ಮಾತ್ರ ಅದಾದ ಎಷ್ಟೋ ವರ್ಷ ಸೇರಿನದೇ ಲೆಕ್ಕ ನಡೆಯಿತು. ತೂಕದ ಸೇರೆಂದರೆ 80 ತೊಲ, ಈಗಿನ ಲೆಕ್ಕಕ್ಕೆ ಸುಮಾರು 933 ಗ್ರಾಂ. ನಮ್ಮದು ತೂಗುವ ಸೇರಲ್ಲ, ಕಾಳು ಅಳೆಯುವ ಸೇರು. ಇದಕ್ಕೆ ನಾಲ್ಕು ಪಾವು.

ಅಳೆಯುವಾಗ ಅಮ್ಮ ಒಂದು ಎನ್ನುತ್ತಿರಲಿಲ್ಲ. ಮೊದಲ ಸೇರಿಗೆ "ಲಾಭ" ಎಂದು, ಆಮೇಲೆ ಎರಡು, ಮೂರು ಎಂದು ಎಣಿಸುತ್ತಿದ್ದಳು. ಮನೆಯ ಅಡುಗೆಗಾದರೆ ಅಂಗೈಯಿಂದ ಸವರಿ ಮಟ್ಟ ಮಾಡುವಳು, ಕೂಲಿಗೆ ಬಂದವರಿಗೆ ರಾಗಿ ಕೊಡುವಾಗ ಗೋಪುರದಂತೆ ಏರಿಸಿ, ಜಾರಿದ ಕಾಳನ್ನೂ ಅವರ ಸೆರಗಿಗೇ ಹಾಕುವಳು. ಒಂದೇ ಸೇರಿನಲ್ಲಿ ಎರಡು ಅಳತೆಗಳಿದ್ದವು ಎಂಬುದು ಚಿಕ್ಕಂದಿನಲ್ಲಿ ನನಗೆ ಅರ್ಥವಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಹಿಡಿ ಅಕ್ಕಿಯನ್ನು ಅದರಲ್ಲೇ ಉಳಿಸಿ ಮೂಲೆಗಿಡುತ್ತಿದ್ದಳು. ಪಕ್ಕದ ಮನೆಯವರ ಪಾತ್ರೆಯನ್ನೂ ಅವಳು ಬರಿದಾಗಿ ಹಿಂತಿರುಗಿಸಿದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸುತ್ತಿದ್ದಳು.

ನನ್ನ ತಮ್ಮ ಒಳ್ಳೆಯವನು, ಅಪ್ಪ ಹಾಸಿಗೆ ಹಿಡಿದಾಗ ಹಗಲಿರುಳು ನೋಡಿಕೊಂಡವನು. ಆದರೆ ಮನೆ ಮಾರುವ ಮಾತು ಬಂದಾಗಿನಿಂದ ಅವನಿಗೆ ಎಲ್ಲವೂ ಬೇಗ ಮುಗಿಯಬೇಕು. "ಅಮ್ಮಂಗೆ ಏನು ಬೇಕೋ ಕೇಳು, ಮಿಕ್ಕಿದ್ದೆಲ್ಲ ಹಾಕು" ಎಂದಿದ್ದ. ನಾವು ಕೇಳಿದ್ದೆವು. ಏನೂ ಬೇಡ ಎಂದಿದ್ದಳು. ಆ ಉತ್ತರ ನಮಗೆ ಅನುಕೂಲವಾಗಿತ್ತು, ಹಾಗಾಗಿ ಇನ್ನೊಮ್ಮೆ ಕೇಳಲಿಲ್ಲ. ಮಕ್ಕಳು ಬೇಡವೆನ್ನುವ ಮೊದಲೇ ತಾನೇ ಬೇಡವೆಂದುಬಿಡುವುದನ್ನು ಅವಳು ಯಾವಾಗ ಕಲಿತಳೋ ಎಂದು ಈ ವಾರವೆಲ್ಲ ಯೋಚಿಸಿದ್ದೇನೆ.

"ಖಾಲಿ ಕೊಡ್ತಿದ್ದೀಯೇನೋ?" ಎಂದವಳು ನನ್ನ ಉತ್ತರಕ್ಕೆ ಕಾಯದೆ ಒಳಗೆ ಹೋದಳು. ದಾರಿಗೆಂದು ಬುತ್ತಿ ಕಟ್ಟಿ ಉಳಿದಿದ್ದ ಅಕ್ಕಿಯನ್ನು ಮೊರದಲ್ಲಿ ತಂದು, ಬಗ್ಗಿ, ತೂಕದ ಯಂತ್ರದ ಮೇಲಿದ್ದ ಸೇರಿಗೇ ಸುರಿದಳು. ಅರ್ಧಕ್ಕೂ ಬರಲಿಲ್ಲ. ಯಂತ್ರದ ಕೆಂಪು ಅಂಕಿಗಳು ಏರುತ್ತಾ ಹೋಗಿ ನಿಂತವು. ಗುಜರಿಯವನು ಅಂಕಿಯನ್ನು ನೋಡಲೇ ಇಲ್ಲ. ಎರಡೂ ಕೈಯಲ್ಲಿ ಸೇರನ್ನು ಎತ್ತಿ ಅವಳ ಮುಂದಿಟ್ಟು, "ಅಕ್ಕಿ ಇರೋದನ್ನ ನಾವು ತಗೊಳ್ಳಲ್ಲ ಅವ್ವಾ, ಇಟ್ಕೊಳಿ" ಎಂದು ಮುಂದಿನ ಕೊಳಗಕ್ಕೆ ಕೈ ಹಾಕಿದ. ಆ ಮನುಷ್ಯನ ಹೆಸರನ್ನೂ ನಾನು ಕೇಳಲಿಲ್ಲ.

ಸೇರು ಈಗ ಬೆಂಗಳೂರಿನ ನಮ್ಮ ಅಡುಗೆಮನೆಯ ಅಕ್ಕಿ ಡಬ್ಬದೊಳಗಿದೆ. ಮೊನ್ನೆ ಬುಧವಾರ ಬೆಳಿಗ್ಗೆ ಅಮ್ಮ ಡಬ್ಬದಲ್ಲಿ ಕೈಯಾಡಿಸುತ್ತಾ, "ಪಾವು ಎಲ್ಲಿಟ್ಟಿದ್ದೀಯೋ?" ಎಂದು ಕೇಳಿದಳು. ಪಾವು ಮತ್ತು ಅರ್ಧ ಸೇರಿನ ಅಚ್ಚೇರು ಶನಿವಾರವೇ ಮೊದಲ ಚೀಲದಲ್ಲಿ ಹೋಗಿದ್ದವು; ಒಳಗಿದ್ದ ನಾಲ್ಕು ಕಾಳನ್ನು ಅಂಗಳಕ್ಕೆ ಕೊಡವಿ ಚೀಲಕ್ಕೆ ಹಾಕಿದವನು ನಾನೇ. ಹುಡುಕುತ್ತೇನೆ ಎಂದೆ. ಅಂದಿನಿಂದ ಅವಳು ಒಂದು ಸ್ಟೀಲ್ ಲೋಟದಲ್ಲಿ ಅಳೆಯುತ್ತಿದ್ದಾಳೆ.