ಇನ್ನೊಂದೇ ಒಂದು ಶಾಟ್

ನಾನು ಜಾಹೀರಾತು ಏಜೆನ್ಸಿಯಲ್ಲಿ ಆರ್ಟ್ ಪ್ರೊಡ್ಯೂಸರ್. ಐಡಿಯಾ ಆರ್ಟ್ ಡೈರೆಕ್ಟರದು, ಚಿತ್ರ ಫೋಟೊಗ್ರಾಫರದು, ದುಡ್ಡು ಕ್ಲೈಂಟಿನದು. ಈ ಮೂವರ ನಡುವೆ ಓಡಾಡುವ ಎಸ್ಟಿಮೇಟು, ಒಪ್ಪಂದ, ಬಳಕೆಯ ಹಕ್ಕು, ಮುನಿಸು ಎಲ್ಲ ನನ್ನ ಪಾಲಿಗೆ.

ಸೂಟ್‌ಕೇಸ್ ಜಾಹೀರಾತಿನ ಆ ಕೆಲಸ ಶುರುವಾದದ್ದೇ ತಲೆನೋವಿನಿಂದ. ನಮ್ಮ ಆರ್ಟ್ ಡೈರೆಕ್ಟರ್ ಎಐ ಬಳಸಿ ಲೇಔಟ್, ಅಂದರೆ ಜಾಹೀರಾತು ಹೇಗೆ ಕಾಣಬೇಕೆಂಬ ಮಾದರಿ ಚಿತ್ರ, ಮಾಡಿದ್ದರು: ಕಿಟಕಿ ಪಕ್ಕ ಕೆಂಪು ಸೂಟ್‌ಕೇಸಿನ ಮೇಲೆ ಕೂತ ಹುಡುಗಿ, ಬೆಳಗಿನ ಬಿಸಿಲು. ನೋಡಲು ಸೊಗಸಾಗಿತ್ತು. ಆದರೆ ಬಿಸಿಲು ಬರುತ್ತಿದ್ದದ್ದು ಕಿಟಕಿಯಿಂದ, ಹುಡುಗಿಯ ನೆರಳು ಬಿದ್ದದ್ದೂ ಕಿಟಕಿಯ ಕಡೆಗೇ! ಪಳಪಳ ಹೊಳೆಯುವ ಪೆಟ್ಟಿಗೆಯ ಮೈಮೇಲೆ ಒಂದೂ ಪ್ರತಿಬಿಂಬ ಇರಲಿಲ್ಲ. ಅಷ್ಟರಲ್ಲಿ ಕ್ಲೈಂಟ್ ಅದಕ್ಕೆ ಮನಸೋತಾಗಿತ್ತು. ಪೆನ್ಸಿಲ್ ಸ್ಕೆಚ್ ತೋರಿಸುತ್ತಿದ್ದ ಕಾಲದಲ್ಲಿ ಈ ಕಾಟ ಕಡಿಮೆ ಇತ್ತು. ಗೀಟು ಎಳೆದ ಚಿತ್ರವನ್ನು ಯಾರೂ ಫೋಟೊ ಎಂದು ನಂಬುತ್ತಿರಲಿಲ್ಲ.

ರೂಢಿಯಂತೆ ಮೂವರು ಫೋಟೊಗ್ರಾಫರ್‌ಗಳಿಂದ ಎಸ್ಟಿಮೇಟ್ ತರಿಸಿದೆ. ಮೂವರಿಗೂ ಒಂದೇ ಬ್ರೀಫ್, ಒಂದೇ ಶಾಟ್ ಲಿಸ್ಟ್. ಬಳಕೆಯ ವಿವರವೂ ಒಂದೇ: ಪತ್ರಿಕೆ ಮತ್ತು ಡಿಜಿಟಲ್, ಒಂದು ವರ್ಷ, ಒಂದೇ ದೇಶ. ಇದನ್ನು ಹೇಳದೆ ರೇಟು ಕೇಳುವವರನ್ನು ಕಂಡರೆ ನನಗೆ ಸಿಟ್ಟು. ತಿಂಗಳೊಪ್ಪತ್ತು ಫೋನಿನಲ್ಲಿ ಓಡುವ ಚಿತ್ರಕ್ಕೂ ವರ್ಷವಿಡೀ ರಸ್ತೆ ರಸ್ತೆಯಲ್ಲಿ ಹೋರ್ಡಿಂಗಾಗಿ ನಿಲ್ಲುವ ಚಿತ್ರಕ್ಕೂ ಒಂದೇ ಬೆಲೆ ಕಟ್ಟುವುದು ಹೇಗೆ?

ಎಲ್ಲಕ್ಕಿಂತ ಕಡಿಮೆ ಮೊತ್ತದ ಎಸ್ಟಿಮೇಟಿನಲ್ಲಿ ರೀಟಚಿಂಗ್, ಅಂದರೆ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸದ ಸಾಲೇ ಇರಲಿಲ್ಲ. ಫೋನ್ ಮಾಡಿದರೆ "ನೋಡೋಣ ಮೇಡಂ, ಮಾಡ್ಕೊಡೋಣ" ಎಂದರು. ಇಂಥ "ನೋಡೋಣ"ಗಳು ಆಮೇಲೆ ಬಿಲ್ಲಾಗಿ ಬರುವುದನ್ನು ನೋಡಿದ್ದೇನೆ. ಎರಡನೆಯವರು ಚಿತ್ರ ಹೇಗೆ ತೆಗೆಯುತ್ತೇನೆಂದು ಬರೆದುಕೊಟ್ಟ ಟ್ರೀಟ್‌ಮೆಂಟಿನಲ್ಲಿ ಪ್ರಯಾಣ, ಕನಸು, ಸ್ವಾತಂತ್ರ್ಯ ಎಲ್ಲ ಇತ್ತು, ಪೆಟ್ಟಿಗೆ ಇರಲಿಲ್ಲ. ಮೂರನೆಯವರ ಮೊತ್ತ ಎಲ್ಲರಿಗಿಂತ ಹೆಚ್ಚು. ಆದರೆ ಅವರೊಬ್ಬರೇ ಸರಿಯಾಗಿ ಬರೆದಿದ್ದರು: ಲೇಔಟಿನ ಈ ಬೆಳಕು ಒಂದು ಕ್ಲಿಕ್ಕಿನಲ್ಲಿ ಸಿಗದು. ಕ್ಯಾಮೆರಾ ಕದಲಿಸದೆ ಹುಡುಗಿಯನ್ನು ಒಂದು ಬೆಳಕಿನಲ್ಲಿ, ಪೆಟ್ಟಿಗೆಯನ್ನು ಇನ್ನೊಂದರಲ್ಲಿ ತೆಗೆದು ಜೋಡಿಸಬೇಕು. ಪೆಟ್ಟಿಗೆಗೆ ದೊಡ್ಡ ಬಿಳಿ ಪರದೆಯ ಹಿಂದಿನಿಂದ ಬೆಳಕು, ಅಂಚು ಎದ್ದು ಕಾಣಲು ಎರಡೂ ಬದಿಗೆ ಕಪ್ಪು ಬಟ್ಟೆ. ಜೋಡಣೆಗೆ ರೀಟಚರ್‌ಗೆ ಇಷ್ಟು ದಿನ. ಉಳಿದಿಬ್ಬರು ಬಿಟ್ಟಿದ್ದ ಸಾಲುಗಳನ್ನು ಅವರವರ ಮೊತ್ತಕ್ಕೆ ಸೇರಿಸಿ ಕ್ಲೈಂಟಿಗೆ ತೋರಿಸಿದೆ. ಅಂತರ ಕರಗಿತು. ಕೆಲಸ ಮೂರನೆಯವರಿಗೇ ಸಿಕ್ಕಿತು.

ಶೂಟಿಂಗ್ ದಿನ ಮಧ್ಯಾಹ್ನದವರೆಗೆ ಎಲ್ಲ ಕಾಲ್ ಶೀಟಿನಲ್ಲಿ (ಆ ದಿನದ ವೇಳಾಪಟ್ಟಿ) ಇದ್ದಂತೆಯೇ ನಡೆಯಿತು. ಕ್ಯಾಮೆರಾದಿಂದ ಕೇಬಲ್ ಮೂಲಕ ಚಿತ್ರ ನೇರ ಮಾನಿಟರಿಗೆ ಬರುತ್ತಿತ್ತು. ಅದರ ಮೇಲೆ ಲೇಔಟನ್ನು ತೆಳುವಾಗಿ ಹಾಸಿದ್ದರಿಂದ ಹೆಡ್‌ಲೈನಿಗೆ ಜಾಗ ಉಳಿದಿದೆಯೇ ಎಂದು ಆರ್ಟ್ ಡೈರೆಕ್ಟರ್ ಅಲ್ಲೇ ನೋಡಬಹುದಿತ್ತು. ಊಟವಾದ ಮೇಲೆ ಕ್ಲೈಂಟ್ ಕಡೆಯ ಮಾರ್ಕೆಟಿಂಗ್ ಮುಖ್ಯಸ್ಥೆ ಮಾನಿಟರ್ ಬಳಿ ಬಂದರು. "ತುಂಬ ಚೆನ್ನಾಗಿದೆ ಸರ್. ಹೇಗೂ ಎಲ್ಲ ರೆಡಿ ಇದೆಯಲ್ಲ, ಹೋರ್ಡಿಂಗ್‌ಗೆ ಅಂತ ಇನ್ನೊಂದೇ ಒಂದು ಅಡ್ಡ ಶಾಟ್ ತೆಗೆದುಬಿಡಿ."

ಫೋಟೊಗ್ರಾಫರ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಕಡೆ ನೋಡಿದರು. ಪ್ರೀ-ಪ್ರೊಡಕ್ಷನ್ ಮೀಟಿಂಗಿನಲ್ಲೇ ನಾವಿಬ್ಬರೂ ಮಾತಾಡಿಕೊಂಡಿದ್ದೆವು: ಸೆಟ್ಟಿನಲ್ಲಿ ದುಡ್ಡಿನ ಮಾತು ಅವರು ಆಡುವುದಿಲ್ಲ, ಬೆಳಕಿನ ಮಾತು ನಾನು ಆಡುವುದಿಲ್ಲ. ಇಲ್ಲದಿದ್ದರೆ ಅವರು ಕ್ಲೈಂಟಿನ ಎದುರೇ ರೇಟು ಹೇಳಿ ಕೆಟ್ಟವರಾಗಬೇಕು, ಅಥವಾ ಸುಮ್ಮನೆ ತೆಗೆದುಕೊಟ್ಟು ಹಕ್ಕು ಕಳೆದುಕೊಳ್ಳಬೇಕು.

"ಹತ್ತು ನಿಮಿಷ ಕೊಡಿ ಮೇಡಂ" ಎಂದು ಮುಖ್ಯಸ್ಥೆಗೆ ಹೇಳಿ, ಫೋಟೊಗ್ರಾಫರನ್ನು ಪಕ್ಕಕ್ಕೆ ಕರೆದೆ.

"ಶಾಟ್ ಆಗುತ್ತೆ ಮೇಡಂ. ಆದ್ರೆ ಬಲಗಡೆ ಗೋಡೆ ಸಾಲಲ್ಲ, ಇನ್ನೊಂದು ತುಂಡು ನಿಲ್ಲಿಸ್ಬೇಕು. ಹುಡುಗರಿಗೆ ಓವರ್‌ಟೈಮ್ ಬೀಳುತ್ತೆ. ಹೋರ್ಡಿಂಗ್ ಹಕ್ಕು ಬೇರೆ."

ಅವರ ಹಕ್ಕು ಮಾತ್ರವಲ್ಲ. ಮಾಡೆಲ್ ಹುಡುಗಿಯ ಒಪ್ಪಂದದಲ್ಲೂ ಹೋರ್ಡಿಂಗ್ ಇರಲಿಲ್ಲ. ಫೋಟೊಗ್ರಾಫರ್ ಒಪ್ಪಿ ಮಾಡೆಲ್ ಒಪ್ಪದಿದ್ದರೆ ಆ ಚಿತ್ರ ಇದ್ದೂ ಇಲ್ಲದಂತೆ. ಅವಳ ಏಜೆಂಟಿಗೆ ಫೋನ್ ಹಚ್ಚಿದೆ. ಈ ಹೊತ್ತಿಗೇ ಸರಿಯಾಗಿ ಕ್ಲೈಂಟಿನ ಸೋಷಿಯಲ್ ಮೀಡಿಯಾ ಹುಡುಗನೊಬ್ಬ ಫೋನ್ ಹಿಡಿದು ಅವಳ ಸುತ್ತ ವಿಡಿಯೊ ಮಾಡುತ್ತಿದ್ದ! ಅದಕ್ಕೂ ಒಪ್ಪಿಗೆ ಪಡೆದಿರಲಿಲ್ಲ. ನಿಲ್ಲಿಸಪ್ಪ ಎಂದೆ. ಅವನಿಗೆ ಬೇಜಾರಾಯಿತು, ಆಗಲಿ.

ಹೋರ್ಡಿಂಗ್ ಖಂಡಿತ ಮಾಡುತ್ತೀರಾ ಎಂದು ಕೇಳಿದಾಗ ಮುಖ್ಯಸ್ಥೆ "ಬಜೆಟ್ ಬಂದ್ರೆ" ಎಂದರು. ಇಂಥ ಕಡೆ ಇರುವ ದಾರಿ ಆಪ್ಶನ್. ಶಾಟ್ ಇವತ್ತೇ ತೆಗೆಯುವುದು. ಓವರ್‌ಟೈಮ್, ಗೋಡೆಯ ಖರ್ಚು ಇವತ್ತಿನ ಲೆಕ್ಕಕ್ಕೆ. ಹೋರ್ಡಿಂಗ್ ಹಕ್ಕಿನ ಬೆಲೆ ಫೋಟೊಗ್ರಾಫರ್, ಮಾಡೆಲ್ ಇಬ್ಬರಿಗೂ ಈಗಲೇ ಗೊತ್ತುಮಾಡುವುದು, ನಿಜವಾಗಿ ಬಳಸಿದರೆ ಮಾತ್ರ ಕೊಡುವುದು. ಇಷ್ಟನ್ನೂ ಇಮೇಲ್ ಮಾಡಿ, "ಒಪ್ಪಿಗೆ" ಎಂದು ಉತ್ತರ ಬರುವವರೆಗೆ ಶಟರ್ ಒತ್ತಿಸಲಿಲ್ಲ. ಬಾಯಿಮಾತು ನಂಬುವ ಹಾಗಿಲ್ಲ. ಕಾನೂನೂ ಎಲ್ಲ ಕಡೆ ಒಂದೇ ಅಲ್ಲ. ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಅಮೆರಿಕದಲ್ಲಿ ಸ್ವತಂತ್ರ ಫೋಟೊಗ್ರಾಫರ್ ತೆಗೆದ ಚಿತ್ರದ ಕಾಪಿರೈಟ್ ಸಾಮಾನ್ಯವಾಗಿ ಅವರದೇ. ಭಾರತದ 1957ರ ಕಾಯ್ದೆಯಲ್ಲಿ ಹಣ ಕೊಟ್ಟು ತೆಗೆಸಿದವರದು.

ಕೆಲವು ತಿಂಗಳ ಮೇಲೆ ಬಜೆಟ್ ಬಂತು, ಆಪ್ಶನ್ ತೆಗೆದುಕೊಳ್ಳುತ್ತೇವೆ ಎಂದು ಕ್ಲೈಂಟ್ ತಿಳಿಸಿದರು. ಇನ್‌ವಾಯ್ಸ್ ಕಳಿಸಿ ಎಂದು ಫೋಟೊಗ್ರಾಫರ್‌ಗೆ ಫೋನ್ ಮಾಡಿದೆ. ದುಡ್ಡು ಯಾವಾಗ ಬರುತ್ತೆ ಎಂದು ಕೇಳುತ್ತಾರೆ ಅಂದುಕೊಂಡರೆ, "ಮಾಡೆಲ್ ಹಕ್ಕು ನನ್ನ ಹಕ್ಕಿಗಿಂತ ಮೊದಲೇ ಮುಗಿಯೋ ಹಾಗೆ ಇಲ್ಲ ತಾನೆ ಮೇಡಂ?" ಎಂದರು. ಎರಡಕ್ಕೂ ಒಂದೇ ತಾರೀಖು ಹಾಕಿಸಿದ್ದೇನೆ ಎಂದೆ.